ತಿಂಗಳ ಸಂಬಳದಿಂದ ಹಿಂಗಾರಿ ಜೋಳದವರೆಗೆ

ಕಾಯಂ ನೌಕರಿ ಬಿಟ್ಟು ಸಣ್ಣ ಹಿಡುವಳಿಯ ಒಕ್ಕಲುತನಕ್ಕೆ ಇಳಿದವರಿಗೆ ಮೊದಲು ಬದಲಾಗುವುದು ಹಣ ಬರುವ ಗತಿ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ. ಹೊಲದ ಹುಟ್ಟುವಳಿ ವರ್ಷಕ್ಕೊಮ್ಮೆ ಬರುತ್ತದೆ, ಬರಗಾಲ ಬಿದ್ದರೆ ಅದೂ ಇಲ್ಲ. ಕಿರಾಣಿ, ಶಾಲೆ ಫೀ, ಔಷಧಿ, ಮೊಬೈಲು ಮಾತ್ರ ಮೊದಲಿನಂತೆ ತಿಂಗಳು ತಿಂಗಳು ಕೈ ಚಾಚುತ್ತವೆ. ಈ ನಡುವಿನ ಕಂದಕವನ್ನು ತುಂಬುವುದು ಬೆಳೆಯಲ್ಲ, ಕೂಡಿಟ್ಟದ್ದು: ಹೊಂಡದ ನೀರು, ಮನೆಯೊಳಗಿನ ಜೋಳ, ಬಣವೆಯ ಕಣಿಕೆ, ಹಟ್ಟಿಯ ಕುರಿ. ಯಾವ ಸೀಮೆಗಾದರೂ ಸಲ್ಲುವ ಮಾತಿದು. ಮಳೆ ಕಡಿಮೆ, ಮಣ್ಣು ತೆಳು, ನದಿ ದೂರ ಇರುವ ಜತ್ತ ತಾಲೂಕಿನಲ್ಲಿ ಇದು ಇನ್ನಷ್ಟು ಖರೆ.

ಜತ್ತ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿ. ದಕ್ಷಿಣಕ್ಕೆ ಕರ್ನಾಟಕದ ಅಥಣಿ, ಪೂರ್ವಕ್ಕೆ ವಿಜಯಪುರದ ಸೀಮೆ, ಉತ್ತರಕ್ಕೆ ಸಾಂಗೋಲೆ ಮತ್ತು ಮಂಗಳವೇಢೆ. 1948ರವರೆಗೆ ಡಫಳೆ ಮನೆತನದ ಸಣ್ಣ ಸಂಸ್ಥಾನವಾಗಿದ್ದ ಈ ನೆಲದ ಪೂರ್ವ ಭಾಗದ ಸಂಖ, ಉಮದಿ, ಮುಚ್ಚಂಡಿ, ಬಾಲಗಾಂವ, ತಿಕ್ಕುಂಡಿಯಂಥ ಊರುಗಳಲ್ಲಿ ಮನೆಮಾತು ಕನ್ನಡ. ನೂರಕ್ಕೂ ಹೆಚ್ಚು ಕನ್ನಡ ಶಾಲೆಗಳು ಇಲ್ಲಿವೆ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಗಡಿಯ ಎರಡೂ ಬದಿಯಿಂದ ಜನ ನಡೆದು ಬರುತ್ತಾರೆ. ಡೋಣಿ ನದಿ ಹುಟ್ಟುವುದೂ ಇದೇ ತಾಲೂಕಿನಲ್ಲಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಮಾತು ಮಾತ್ರ ಕೆಳಗಿನ ವಿಜಯಪುರದ ಎರೆಹೊಲಗಳದ್ದು. ಅದು ಹುಟ್ಟಿದ ತೆಳುಮಣ್ಣಿನ ಮಡ್ಡಿಯಲ್ಲಿ ಆ ನೀರು ನಿಲ್ಲುವುದಿಲ್ಲ.

ಇಂಥ ನೆಲದಲ್ಲಿ ಜನ ನಡೆದ ದಾರಿ ಯಾವತ್ತೂ ಹೊಲದಿಂದ ಹೊರಕ್ಕೆ. 1972ರ ಬರದಲ್ಲಿ ಸಾವಿರಾರು ಜನ ಕಲ್ಲು ಒಡೆಯುವ, ರಸ್ತೆ ಹಾಕುವ, ಕೆರೆ ತೋಡುವ ಕೆಲಸಕ್ಕೆ ಹೋದರು. ಕೆಲಸ ಕೇಳಿದವರಿಗೆ ಸರ್ಕಾರ ಕೆಲಸ ಕೊಡಲೇಬೇಕು ಎಂಬ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆ ಮೊಳೆತದ್ದು ಇದೇ ಸಾಂಗಲಿ ಜಿಲ್ಲೆಯಲ್ಲಿ. ವಿ. ಸ. ಪಾಗೆ 1965ರಲ್ಲಿ ತಾಸಗಾಂವ ತಾಲೂಕಿನಲ್ಲಿ ಪ್ರಯೋಗ ಮಾಡಿಸಿದರು, 1977ರಲ್ಲಿ ಅದು ಕಾನೂನಾಯಿತು. ಇಂದಿಗೂ ದೀಪಾವಳಿ ಮುಗಿದರೆ ಜತ್ತದ ಅನೇಕ ಕುಟುಂಬಗಳು ಕೊಯ್ತ ಹಿಡಿದು, ಮಕ್ಕಳನ್ನು ಕಟ್ಟಿಕೊಂಡು, ಪಶ್ಚಿಮದ ಸಕ್ಕರೆ ಕಾರ್ಖಾನೆಗಳ ಕಬ್ಬು ಕಡಿಯಲು ಗ್ಯಾಂಗಿನೊಡನೆ ಹೊರಡುತ್ತವೆ. ಅದೇ ಜಿಲ್ಲೆಯ ಕೃಷ್ಣಾ ದಂಡೆಯಲ್ಲಿ ಕಬ್ಬು, ಪೂರ್ವದ ತುದಿಯಲ್ಲಿ ಕಬ್ಬು ಕಡಿಯುವ ಕೈ. ಜಿಲ್ಲೆಯ ಪಶ್ಚಿಮದ ಶಿರಾಳಾದ ಕಡೆ ಸಾವಿರ ಮಿಲಿಮೀಟರ್ ದಾಟುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಸುಮಾರು 500ಕ್ಕೆ ಇಳಿದಿರುತ್ತದೆ.

ಆದ್ದರಿಂದ ಒಬ್ಬ ಮಾಸ್ತರ, ಒಬ್ಬ ಎಸ್.ಟಿ. ಬಸ್ಸಿನ ಕಂಡಕ್ಟರ, ಒಬ್ಬ ಫೌಜಿ, ಪುಣೆಯ ಕಂಪನಿಯಲ್ಲಿ ಕೂತ ಒಬ್ಬ ಹುಡುಗ, ಈ ಒಂದೊಂದು ಪಗಾರ ಒಂದೊಂದು ಮನೆತನವನ್ನು ಬರಗಾಲದಿಂದ ಎತ್ತಿ ನಿಲ್ಲಿಸಿದ ಕಂಬ. ಅಣ್ಣನ ಸಂಬಳದಲ್ಲಿ ತಮ್ಮ ಬೋರು ಕೊರೆಸಿದ್ದು, ತಂಗಿಯ ಮದುವೆಯಾದದ್ದು, ಮನೆಗೆ ಆರ್‌ಸಿಸಿ ಬಿದ್ದದ್ದು ಊರಿಗೆಲ್ಲ ಗೊತ್ತು. ಹೆಣ್ಣು ಕೊಡುವವರು ಮೊದಲು ಕೇಳುವುದೂ ನೌಕರಿಯನ್ನೇ. ಒಕ್ಕಲುತನ ಮಾಡುವ ಹುಡುಗರಿಗೆ ಕನ್ಯೆ ಸಿಗದಿರುವುದು ಗಡಿಯ ಎರಡೂ ಬದಿಯ ಹಳ್ಳಿಗಳ ದೊಡ್ಡ ಸಂಕಟ. ಹೀಗಿರುವಾಗ ಒಬ್ಬ ನೌಕರ ರಾಜೀನಾಮೆ ಕೊಟ್ಟು ಬಂದರೆ ಮನೆಯ ಹಿರಿಯರು ಸಿಟ್ಟಾಗುವುದರಲ್ಲಿ ಅರ್ಥವಿದೆ. ‘ಉತ್ತಮ ಶೇತಿ (ಒಕ್ಕಲುತನ), ಮಧ್ಯಮ ವ್ಯಾಪಾರ, ಕನಿಷ್ಠ ನೌಕರಿ’ ಎಂಬ ಹಳೆಯ ಮರಾಠಿ ಗಾದೆ ಅವರ ಬಾಯಲ್ಲೂ ಇದೆ, ಆದರೆ ಹೊಲ ಕೈಕೊಟ್ಟ ವರ್ಷಗಳನ್ನು ಅವರು ಮೈಯಲ್ಲಿ ಹೊತ್ತವರು. ಅವರ ಹೆದರಿಕೆಯನ್ನು ಹಳೆಗಾಲದ ಬುದ್ಧಿ ಎಂದು ತಳ್ಳಿಹಾಕುವುದು ಹೊಸಬರು ಮಾಡುವ ಮೊದಲ ತಪ್ಪು.

ಮರಳಿ ಬರುವವರಲ್ಲಿ ಹೆಚ್ಚಿನವರು ಬರುವುದು ಅಪ್ಪನ ಹೊಲಕ್ಕೇ. ಹೊಸದಾಗಿ ಭೂಮಿ ಕೊಳ್ಳುವವರಿಗೆ ಗಡಿಯ ಈಚೆ ಮತ್ತು ಆಚೆ ಕಾನೂನು ಬೇರೆ ಬೇರೆ. ಮಹಾರಾಷ್ಟ್ರದಲ್ಲಿ 1948ರ ಗೇಣಿ ಮತ್ತು ಕೃಷಿಭೂಮಿ ಕಾಯ್ದೆಯ 63ನೆಯ ಕಲಮಿನಂತೆ, ರೈತನಲ್ಲದವನು ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಹೊಲ ಕೊಳ್ಳುವಂತಿಲ್ಲ. ಕರ್ನಾಟಕದಲ್ಲೂ ಅಂಥ ತಡೆ ಇತ್ತು; 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಒಂದು ಹಳ್ಳದ ಈ ದಂಡೆಯಲ್ಲಿ ಸಾತ್-ಬಾರಾ ಉತಾರೆ ಎಂಬ ಭೂದಾಖಲೆಯಲ್ಲಿ ಮನೆತನದ ಹೆಸರು ತೋರಿಸಬೇಕು, ಆ ದಂಡೆಯಲ್ಲಿ ಬೇಕಿಲ್ಲ. ಅಪ್ಪನ ಆಸ್ತಿಯೂ ಸುಲಭದ ಮಾತಲ್ಲ. ಅಜ್ಜನ ಹೆಸರಿನಲ್ಲೇ ಉಳಿದ ಉತಾರೆ, ವಾಟಣಿಯಾಗದ ನಾಲ್ಕು ಜನ ಅಣ್ಣತಮ್ಮಂದಿರು, ಬಾವಿಯಲ್ಲಿ ಪಾಳಿಯ ನೀರು, ಬೇರೆಯವರ ಹೊಲ ಹಾಯ್ದು ಹೋಗುವ ಬಂಡಿದಾರಿ ಎಲ್ಲವೂ ಕಾಗದದ ಮೇಲೆ ಬಗೆಹರಿಯುವ ಮೊದಲೇ ರಾಜೀನಾಮೆ ಕೊಟ್ಟವರು ಮೊದಲ ವರ್ಷವನ್ನು ತಲಾಠಿ ಕಚೇರಿಯಲ್ಲೇ ಕಳೆದುಬಿಡುತ್ತಾರೆ.

ಇನ್ನೊಂದು ಸಣ್ಣ ನಿಯಮ ಹೊಸಬರ ಲೆಕ್ಕ ತಪ್ಪಿಸುತ್ತದೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಸಿಗಬೇಕಾದರೆ 2019ರ ಫೆಬ್ರವರಿ 1ಕ್ಕೆ ಹೊಲ ಹೆಸರಿನಲ್ಲಿ ಇರಬೇಕು. ಆ ನಂತರ ಕೊಂಡವರಿಗೆ ಇಲ್ಲ, ವಾರಸಿನಿಂದ ಬಂದವರಿಗೆ ಉಂಟು. ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರಿಗೂ ಇಲ್ಲ. ನೆರವಿನ ಮೊತ್ತ ದೊಡ್ಡದಲ್ಲ, ಆದರೂ ನೌಕರಿಯಿಂದ ಬಂದವನು ಸರ್ಕಾರದ ಕಣ್ಣಿಗೆ ಒಮ್ಮೆಲೇ ರೈತನಾಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನೌಕರಿ ಬಿಡುವಾಗ ಕೈಗೆ ಬರುವ ಗಂಟು ಎಷ್ಟೆಂದು ಮೊದಲೇ ಅಳೆಯಬೇಕು. ಖಾಸಗಿ ಕಂಪನಿಯಲ್ಲಿ ಐದು ವರ್ಷ ಪೂರೈಸಿದ ಕಾಯಂ ನೌಕರನಿಗೆ ವರ್ಷಕ್ಕೆ 15 ದಿನದ ವೇತನದಂತೆ ಗ್ರಾಚ್ಯುಟಿ ಉಂಟು, ಭವಿಷ್ಯನಿಧಿ ಉಂಟು. ಮಹಾರಾಷ್ಟ್ರ ಸರ್ಕಾರಿ ನೌಕರ 20 ವರ್ಷ ಸೇವೆ ಮುಗಿಸಿದರೆ ಸ್ವಯಂನಿವೃತ್ತಿ ಕೇಳಬಹುದು. 2005ರ ನವೆಂಬರ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇರಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಅವಧಿಗೆ ಮುಂಚೆ ಹೊರಬಂದರೆ ದೊಡ್ಡ ಪಾಲು ಪಿಂಚಣಿ ಖರೀದಿಗೇ ಹೋಗುತ್ತದೆ, ಕೈಗೆ ಸಿಗುವುದು ಕಡಿಮೆ. ಈ ಗಂಟನ್ನು ಇಡಿಯಾಗಿ ನೆಲಕ್ಕೆ ಸುರಿಯುವುದು ಸಾಮಾನ್ಯ. ಆದರೆ ದಾಳಿಂಬೆ ಸಸಿ ನೆಟ್ಟು ಮೊದಲ ಬಹಾರ, ಎಂದರೆ ಹೂಬಿಡುವ ಸರದಿ, ಹಿಡಿಯಲು ಎರಡು ವರ್ಷ, ಹೂವು ಹಣ್ಣಾಗಲು ಮತ್ತೆ ಐದಾರು ತಿಂಗಳು ಬೇಕು. ಎಂದರೆ ಮನೆಯ ಮೂರು ವರ್ಷದ ಖರ್ಚು ಹೊಲ ಮುಟ್ಟದೆ ಬ್ಯಾಂಕಿನಲ್ಲಿ ಇರಬೇಕು, ಇಲ್ಲವೇ ಮನೆಯಲ್ಲಿ ಇನ್ನೊಂದು ಪಗಾರ ಇರಬೇಕು. ನೆಲೆ ನಿಂತ ಹೊಸ ರೈತರ ಮನೆಗಳಲ್ಲಿ ಅನೇಕ ಸಲ ಆ ಇನ್ನೊಂದು ಪಗಾರ ಹೆಂಡತಿಯದು: ಅಂಗನವಾಡಿ, ಶಾಲೆ, ಆಸ್ಪತ್ರೆ. ಮೆಚ್ಚುಗೆಯ ಮಾತುಗಳೆಲ್ಲ ಹೊಲಕ್ಕೆ ಬಂದ ಗಂಡಸಿಗೆ ಹೋಗುತ್ತವೆ. ಆ ಮೂರು ವರ್ಷ ಒಲೆ ಆರದಂತೆ ನೋಡಿಕೊಂಡವಳ ಹೆಸರು ಅಲ್ಲಿ ಬರಲೇಬೇಕು.

ಮುಂದಿನದು ಮಣ್ಣು. ಜತ್ತದ ಹೆಚ್ಚಿನ ಭಾಗ ಕಪ್ಪುಬಂಡೆಯ ಮೇಲೆ ತೆಳ್ಳಗೆ ಹಾಸಿದ ಮಡ್ಡಿ ನೆಲ. ಬೋರ್ ನದಿಯ ಇಕ್ಕೆಲದಲ್ಲಿ, ತಗ್ಗುಗಳಲ್ಲಿ ಎರೆ. ಹೊಲ ಹೇಗಿದೆ ಎಂದು ತಿಳಿಯಲು ಮೂರು ಅಡಿ ಆಳದ ಒಂದು ಗುಂಡಿ ಸಾಕು. ಮಡ್ಡಿಯಲ್ಲಿ ಒಂದು ಗೇಣು ಮಣ್ಣು ಸಿಗುವಷ್ಟರಲ್ಲಿ ಗುದ್ದಲಿಯ ಸಪ್ಪಳ ಬದಲಾಗಿ ಗರಸು ಹತ್ತುತ್ತದೆ, ಅದರ ಕೆಳಗೆ ಕಲ್ಲು. ಎರೆಯಲ್ಲಿ ಮೂರಡಿಯವರೆಗೂ ಕಪ್ಪು, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು. ಗೋಡೆಯಲ್ಲಿ ಬಿಳಿ ಹರಳು ಕಂಡರೆ ಸುಣ್ಣ ಹೆಚ್ಚಿದೆ ಎಂದರ್ಥ. ಅಂಥ ನೆಲದಲ್ಲಿ ದ್ರಾಕ್ಷಿಯ ಎಳೆ ಎಲೆ ಹಳದಿಗೆ ತಿರುಗುತ್ತದೆ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಕಪ್ಪು ಮಣ್ಣು ಕಂಡಲ್ಲಿ ಫಲವತ್ತು ಎಂದು ಪೇಟೆಯವರು ಹಿಗ್ಗುತ್ತಾರೆ, ಹೆಚ್ಚು ಬೆಲೆ ಕೊಟ್ಟು ಕೊಂಡು ದಾಳಿಂಬೆ ನೆಡುತ್ತಾರೆ. ದಾಳಿಂಬೆಗೆ ಬೇಕಾದದ್ದು ನೀರು ಬಸಿದುಹೋಗುವ ಮಡ್ಡಿ. ಎರೆಯಲ್ಲಿ ಬೇರು ಉಸಿರುಗಟ್ಟಿ ಸೊರಗು ರೋಗ ಹತ್ತುತ್ತದೆ. ಎರೆ ಜೋಳ, ಕಡಲೆಗೆ ಮೀಸಲು. ಅಗ್ಗದ ನೆಲ ತೋಟಕ್ಕೆ, ತುಟ್ಟಿಯ ನೆಲ ಜೋಳಕ್ಕೆ ಎಂಬ ಈ ತಿರುವುಮುರುವನ್ನು ಇಲ್ಲಿನ ಒಕ್ಕಲಿಗರು ಯಾರಿಗೂ ಬಿಡಿಸಿ ಹೇಳುವುದಿಲ್ಲ, ಅವರಿಗೆ ಅದು ಉಸಿರಿನಷ್ಟು ಸಹಜ.

ಇನ್ನು ನೀರು, ಜತ್ತದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. 500 ಮಿಲಿಮೀಟರ್ ಎಂದರೆ ಎಕರೆಗೆ 20 ಲಕ್ಷ ಲೀಟರ್. 30 ಮೀಟರ್ ಉದ್ದ, 30 ಮೀಟರ್ ಅಗಲ, 3 ಮೀಟರ್ ಆಳದ, ಓರೆ ದಂಡೆಯ, ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ. ಇಂಥ ಹೊಂಡವನ್ನು ಇಲ್ಲಿ ಶೇತತಳೆ ಎನ್ನುತ್ತಾರೆ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ‘ಮಾಗೇಲ ತ್ಯಾಲಾ ಶೇತತಳೆ’ (ಕೇಳಿದವರಿಗೆ ಹೊಂಡ) ಎಂಬ ಯೋಜನೆ ತಂದ ಮೇಲೆ ಊರೂರಲ್ಲಿ ನೀಲಿ, ಕಪ್ಪು ಹಾಸು ಮಿಂಚತೊಡಗಿದವು. ಅಂಥ ತುಂಬಿದ ಹೊಂಡ ಎಷ್ಟು ದಿನ ಬರುತ್ತದೆ? ಒಂದು ಎಕರೆಯಲ್ಲಿ ಹದಿನೈದಡಿಗೊಂದು ಸಾಲು, ಸಾಲಿನಲ್ಲಿ ಹತ್ತಡಿಗೊಂದು ಗಿಡದಂತೆ ಸುಮಾರು 300 ದಾಳಿಂಬೆ ಗಿಡ. ಬೇಸಿಗೆಯಲ್ಲಿ ಬೆಳೆದ ಗಿಡಕ್ಕೆ ದಿನಕ್ಕೆ 30 ಲೀಟರ್ ಹಿಡಿದರೆ 9,000 ಲೀಟರ್. ಈ ಲೆಕ್ಕದಲ್ಲಿ ಹೊಂಡ ಏಳು ತಿಂಗಳು ಬರಬೇಕು. ಬರುವುದಿಲ್ಲ, ಯಾಕೆಂದರೆ ಇನ್ನೊಬ್ಬ ಪಾಲುದಾರನಿದ್ದಾನೆ, ಬಿಸಿಲು. ಬಿರುಬೇಸಿಗೆಯಲ್ಲಿ ತೆರೆದ ನೀರಿನಿಂದ ದಿನಕ್ಕೆ ಏಳೆಂಟು ಮಿಲಿಮೀಟರ್ ಆವಿಯಾಗುತ್ತದೆ. ತುಂಬಿದ ಹೊಂಡದ ಮೇಲ್ಮೈಯಲ್ಲಿ ಅದು 6,000 ಲೀಟರ್‌ಗೂ ಹೆಚ್ಚು. ನೀರು ಇಳಿದಂತೆ ಮೇಲ್ಮೈ ಕಿರಿದಾಗಿ ನಷ್ಟವೂ ಇಳಿಯುತ್ತದೆ. ಎಲ್ಲ ಕೂಡಿಸಿದರೆ ಹೊಂಡದ ಆಯುಷ್ಯ ಐದು ತಿಂಗಳ ಆಸುಪಾಸು. ಜನವರಿಯಲ್ಲಿ ತುಂಬಿದ್ದರೆ ಮಿರಗದ ಮಳೆಗೆ ಕೂಡಿಬರುತ್ತದೆ, ಅದೂ ಒಂದೇ ಎಕರೆ ತೋಟಕ್ಕೆ. ಎರಡನೆಯ ಎಕರೆ ನೆಟ್ಟವರು ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುತ್ತಾರೆ. ಐದು ಎಕರೆ ಹೊಲವಿದ್ದರೂ ತೋಟ ಒಂದೇ ಎಕರೆ ಏಕೆ ಎಂದು ಕೇಳುವವರಿಗೆ ಉತ್ತರ ಹೊಂಡದ ಅಂಚಿನಲ್ಲಿ ಕೂತರೆ ಕಾಣುತ್ತದೆ.

ಹೊಂಡ ತುಂಬುವುದು ಮಳೆಯಿಂದಷ್ಟೇ ಅಲ್ಲ. ಮಳೆಗಾಲದ ಕೊನೆಗೆ ಬಾವಿ, ಬೋರುಗಳಲ್ಲಿ ನೀರು ಏರಿದಾಗ ಅದನ್ನೆತ್ತಿ ಹೊಂಡಕ್ಕೆ ತುಂಬುವ ರೂಢಿ ಇದೆ. ತನ್ನ ಹೊಂಡದಲ್ಲಿ ತುಂಬಿಕೊಂಡವನು ನೆರೆಯವನ ಬಾವಿಯ ನೀರನ್ನೂ ಎಳೆದಿರುತ್ತಾನೆ ಎಂಬುದು ಊರಲ್ಲಿ ಯಾರೂ ಗಟ್ಟಿಯಾಗಿ ಆಡದ ಮಾತು. ಪುಣೆ ಜಿಲ್ಲೆಯ ಪುರಂದರ ತಾಲೂಕಿನ ನಾಯಗಾಂವದಲ್ಲಿ 1972ರ ಬರದ ನಂತರ ವಿಲಾಸರಾವ್ ಸಾಳುಂಖೆ ಎಂಬ ಎಂಜಿನಿಯರ್ ಕಟ್ಟಿದ ‘ಪಾಣಿ ಪಂಚಾಯತ’ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತ್ತು: ನೀರಿನ ಪಾಲು ಹೊಲದ ಅಳತೆಯ ಮೇಲಲ್ಲ, ಮನೆಯ ತಲೆಯೆಣಿಕೆಯ ಮೇಲೆ, ಕಬ್ಬಿಗೆ ನೀರಿಲ್ಲ, ಭೂಮಿ ಇಲ್ಲದವನಿಗೂ ಪಾಲುಂಟು. ಐವತ್ತು ವರ್ಷ ಕಳೆದರೂ ಅದಕ್ಕಿಂತ ನ್ಯಾಯವಾದ ಹಂಚಿಕೆ ಈ ಸೀಮೆ ಕಂಡಿಲ್ಲ.

ಹೊರಗಿನ ನೀರು ಕೃಷ್ಣೆಯದು. ಮಿರಜ ತಾಲೂಕಿನ ಮೈಸಾಳದಲ್ಲಿ ನದಿಯಿಂದ ಎತ್ತಿ, ಹಂತ ಹಂತವಾಗಿ ಪಂಪಿನಿಂದ ಪಂಪಿಗೆ ಏರಿಸಿ ಪೂರ್ವಕ್ಕೆ ತರುವ ಏತ ನೀರಾವರಿ ಯೋಜನೆ ಜತ್ತದ ಪಶ್ಚಿಮ ಭಾಗವನ್ನು ಮುಟ್ಟಿದೆ. ಪೂರ್ವದ ಕನ್ನಡ ಹಳ್ಳಿಗಳು ದಶಕಗಟ್ಟಲೆ ಕಾದವು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು ಸುಮಾರು 40 ಗ್ರಾಮಗಳು ಠರಾವು ಮಾಡಿದ್ದ ಸಂಗತಿಯನ್ನು 2022ರ ನವೆಂಬರ್‌ನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನೆನಪಿಸಿದಾಗ ಎರಡೂ ರಾಜಧಾನಿಗಳು ಎಚ್ಚೆತ್ತವು. ಡಿಸೆಂಬರ್‌ನಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ತಿಕ್ಕುಂಡಿಯ ಕೆರೆಯತ್ತ ಹರಿಯಿತು. ಮಹಾರಾಷ್ಟ್ರ ಸುಮಾರು 2,000 ಕೋಟಿ ರೂಪಾಯಿಯ ವಿಸ್ತೃತ ಮೈಸಾಳ ಯೋಜನೆಗೆ ಚಾಲನೆ ಕೊಟ್ಟಿತು. ಭಾಷೆಯ ಜಗಳವೆಂದು ದೂರದಿಂದ ಕಂಡದ್ದು ಹತ್ತಿರದಿಂದ ನೋಡಿದರೆ ನೀರಿನ ಕೂಗು. ಈ ಏತ ಯೋಜನೆಗಳ ವಿದ್ಯುತ್ ಬಿಲ್ಲಿನಲ್ಲಿ ನೂರಕ್ಕೆ 81 ಪಾಲು ಸರ್ಕಾರದ್ದು, 19 ರೈತರದ್ದು ಎಂಬ ಕರಾರಿದೆ. ಹೊಸದಾಗಿ ಹೊಲ ನೋಡುವವರು ಕಾಲುವೆಯ ನಕಾಶೆಯನ್ನು ನೋಡಿ ಹಣ ಕೊಡುತ್ತಾರೆ. ನೀರು ಬಂದ ವರ್ಷಗಳನ್ನು ಪಕ್ಕದ ಹೊಲದವರ ಬಾಯಿಂದ ಕೇಳಿ ಕೊಡುವುದು ಲೇಸು.

ಬೆಳೆಯ ವಿಷಯದಲ್ಲಿ ಹೊಸಬರು ತುದಿಯಿಂದ ಆರಂಭಿಸುತ್ತಾರೆ, ಹಳಬರು ಬುಡದಿಂದ. ಬುಡವೆಂದರೆ ಹಿಂಗಾರಿ ಜೋಳ. ಜತ್ತದ ಮಳೆಯಲ್ಲಿ ದೊಡ್ಡ ಪಾಲು ಸುರಿಯುವುದು ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ ಮಳೆಗಳಲ್ಲಿ. ಆ ತನಕ ಹೊಲವನ್ನು ಖಾಲಿ ಇಟ್ಟು, ಕಳೆ ಎದ್ದಾಗಲೆಲ್ಲ ಕುಂಟೆ ಹೊಡೆದು, ಬಿದ್ದ ಹನಿಯೆಲ್ಲ ಎರೆಯೊಳಗೆ ಇಳಿಯುವಂತೆ ನೋಡಿಕೊಂಡು, ಉತ್ತರಿ-ಹಸ್ತದ ನಡುವೆ ಕೂರಿಗೆಯಲ್ಲಿ ಮಾಲದಂಡಿ ಬಿತ್ತುತ್ತಾರೆ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಊರ ತಳಿಯಿಂದ ಆಯ್ದ ಎಂ 35-1 ಎಂಬ ಈ ಜೋಳಕ್ಕೆ ಸಾಟಿ ಇನ್ನೂ ಬಂದಿಲ್ಲ. ಬಿತ್ತಿದ ಮೇಲೆ ಬಹುಪಾಲು ವರ್ಷ ಮಳೆಯೇ ಇರುವುದಿಲ್ಲ. ನೆಲದೊಳಗಿನ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯ ಮೇಲೆ ನಾಲ್ಕು ತಿಂಗಳು ನಿಲ್ಲಬೇಕು. ಡಿಸೆಂಬರಿನಲ್ಲಿ ಎರೆ ಬಿರಿಯತೊಡಗುತ್ತದೆ; ಬಿರುಕಿನಿಂದ ಹಸಿ ಆರಿಹೋಗದಂತೆ ಸಾಲಿನ ನಡುವೆ ಎಡೆಕುಂಟೆ ಹೊಡೆದು, ಮೇಲಿನ ಎರಡಂಗುಲ ಮಣ್ಣನ್ನು ಪುಡಿಮಾಡಿ, ಆ ಪುಡಿಯಿಂದಲೇ ಬಿರುಕು ಮುಚ್ಚುತ್ತಾರೆ. ಒಣ ಮಣ್ಣೇ ಹಸಿ ಮಣ್ಣಿಗೆ ಹೊದಿಕೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವಾಗ ತೆನೆ ಹಾಲುಗಾಳಿನಲ್ಲಿರುತ್ತದೆ. ಮಾಗಿದ ಜೋಳವನ್ನು ಕೊಯ್ಯುವುದಿಲ್ಲ, ಬೇರುಸಹಿತ ಕೀಳುತ್ತಾರೆ, ನಸುಕಿನಲ್ಲಿ, ಇಬ್ಬನಿಗೆ ಗರಿ ಮೆತ್ತಗಿರುವಾಗ. ಹೊತ್ತೇರಿದರೆ ಒಣಗರಿಯ ಅಂಚು ಅಂಗೈ ಕೊಯ್ಯುತ್ತದೆ. ಕಂಪ್ಯೂಟರ್ ಮುಂದೆ ಹತ್ತು ವರ್ಷ ಕೂತ ಕೈಗೆ ಮೊದಲ ದಿನವೇ ಬೊಬ್ಬೆ ಏಳುತ್ತದೆ, ಎರಡನೆಯ ದಿನ ಸೊಂಟ ಏಳುವುದಿಲ್ಲ. ನಾಲ್ಕನೆಯ ವರ್ಷದ ಹೊತ್ತಿಗೆ ಆ ಕೈ ಊರಿನ ಕೈಯಾಗುತ್ತದೆ.

ಮಳೆಯಾಶ್ರಯದಲ್ಲಿ ಎಕರೆಗೆ ಮೂರರಿಂದ ಐದು ಕ್ವಿಂಟಾಲ್ ಬಂದರೆ ಒಳ್ಳೆಯ ವರ್ಷ. ಪೇಟೆಯ ಲೆಕ್ಕದಲ್ಲಿ ಇದು ಏನೂ ಅಲ್ಲ. ಮನೆಯ ಲೆಕ್ಕ ಬೇರೆ. ದಿನವೂ ರೊಟ್ಟಿ ಉಣ್ಣುವ ಐದು ಜನರ ಮನೆಗೆ ವರ್ಷಕ್ಕೆ ಆರೇಳು ಕ್ವಿಂಟಾಲ್ ಜೋಳ ಬೇಕು, ಅದು ಎರಡು ಎಕರೆ ಎರೆಯಲ್ಲಿ ಸಿಗುತ್ತದೆ. ಕಣಿಕೆ ದನಕ್ಕೆ. ಬರ ಬಿದ್ದ ವರ್ಷ ಕಣಿಕೆಯ ಬೆಲೆ ಕಾಳಿನ ಬೆಲೆಯನ್ನೇ ಮುಟ್ಟುವುದುಂಟು. ಜತ್ತದ ಇಕ್ಕೆಲದಲ್ಲಿರುವ ಸೊಲ್ಲಾಪುರ ಮತ್ತು ವಿಜಯಪುರ, 1930ರ ದಶಕದಲ್ಲಿ ದೇಶದಲ್ಲಿ ಒಣಬೇಸಾಯದ ಸಂಶೋಧನೆಗೆ ಆರಿಸಿದ ಐದು ಕೇಂದ್ರಗಳಲ್ಲಿ ಎರಡು. ಒಡ್ಡು ಹಾಕುವುದು, ಬೀಜ ತೆಳುವಾಗಿ ಬಿತ್ತುವುದು, ಸಾಲು ಅಗಲಿಸುವುದು, ಎಡೆ ಹೊಡೆಯುವುದು ಎಂದು ಆ ಕೇಂದ್ರಗಳು ಬರೆದಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಸೀಮೆಯ ಒಕ್ಕಲಿಗರ ಕೈಯಲ್ಲಿ ಮೊದಲೇ ಇತ್ತು.

ಜೋಳದ ಜೊತೆಗೆ ಕುರಿ. ಮಡಗ್ಯಾಳ ಈ ತಾಲೂಕಿನ ಒಂದು ಊರು. ಆ ಊರಿನ ಹೆಸರು ಹೊತ್ತ ಕುರಿತಳಿ ಮಹಾರಾಷ್ಟ್ರದಾಚೆಗೂ ಹೆಸರುವಾಸಿ. ಎತ್ತರದ ಕಾಲು, ಬಿಳಿ ಮೈಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಮರಿ ಬೇಗ ಮೈ ತುಂಬುತ್ತದೆ. ಒಳ್ಳೆಯ ಟಗರಿಗೆ ಲಕ್ಷಗಟ್ಟಲೆ ಬೆಲೆ ಕೇಳುವವರಿದ್ದಾರೆ, ಆದರೆ ಸಣ್ಣ ರೈತನಿಗೆ ಲಾಭ ಆ ಟಗರಿನದಲ್ಲ, ಹತ್ತು ಸಾಮಾನ್ಯ ಹೆಣ್ಣುಕುರಿಗಳದು. ಕಷ್ಟ ಬಂದ ವಾರವೇ ಸಂತೆಗೆ ಹೊಡೆದು ರೊಕ್ಕ ಮಾಡಬಹುದಾದ ಆಸ್ತಿ ಹೊಲದಲ್ಲಿ ಬೇರೊಂದಿಲ್ಲ. ಹಿಕ್ಕೆಗೊಬ್ಬರ ಮಡ್ಡಿಗೆ ಸಿಗುವ ಒಂದೇ ನಂಬಿಕೆಯ ಗೊಬ್ಬರ.

ಇಷ್ಟು ನೆಲೆಯಾದ ಮೇಲೆ ದಾಳಿಂಬೆ. ತಾಲೂಕಿನ ಹೆಸರನ್ನು ಪೇಟೆಗೆ ಮುಟ್ಟಿಸಿದ ಹಣ್ಣಿದು. ಮಡ್ಡಿ, ಒಣಹವೆ, ಡ್ರಿಪ್ ಮೂರೂ ಕೂಡಿದಲ್ಲಿ ಭಗವಾ ತಳಿ ಕೆಂಡದಂತೆ ಬಣ್ಣ ಹಿಡಿಯುತ್ತದೆ. ದಾಳಿಂಬೆ ವರ್ಷದಲ್ಲಿ ಮೂರು ಸಲ ಹೂಬಿಡಬಲ್ಲ ಗಿಡ. ಒಂದು ಬಹಾರವನ್ನು ಆರಿಸಿ, ಅದಕ್ಕೆ ಮುಂಚೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಕೊಂಬೆ ಕತ್ತರಿಸಿ ಚಾಟನಿ ಮಾಡಿ, ಮತ್ತೆ ನೀರು ಬಿಟ್ಟು ಹೂ ಹೊರಡಿಸುತ್ತಾರೆ. ಜೂನ್-ಜುಲೈನ ಮೃಗ ಬಹಾರದಲ್ಲಿ ನೀರಿನ ಚಿಂತೆ ಇಲ್ಲ, ರೋಗದ ಚಿಂತೆ ಇದೆ. ಜನವರಿಯ ಅಂಬೆ ಬಹಾರದಲ್ಲಿ ರೋಗ ಕಡಿಮೆ, ನೀರು ಬೇಸಿಗೆಯ ನಟ್ಟನಡುವೆ ಬೇಕು. ನಡುವಿನ ಹಸ್ತ ಬಹಾರ ಜತ್ತದಂಥ ಸೀಮೆಗೆ ಹೊಂದುತ್ತದೆ, ಮಳೆ ಹಿಂದೆ ಸರಿದು ಹೊಂಡ ತುಂಬಿರುವ ಕಾಲ ಅದು. ಆದರೆ ಸೆಪ್ಟೆಂಬರ್ ಮಳೆ ಲಂಬಿಸಿದರೆ ನೆಲದಲ್ಲಿ ಹಸಿ ಉಳಿದು ಗಿಡ ವಿಶ್ರಾಂತಿಗೆ ಹೋಗುವುದೇ ಇಲ್ಲ, ಹೂವು ಸರಿಯಾಗಿ ಹೊರಡುವುದಿಲ್ಲ.

ರೋಗದ ಹೆಸರು ತೇಲ್ಯಾ, ಪುಸ್ತಕದಲ್ಲಿ ದುಂಡಾಣು ಅಂಗಮಾರಿ. ಎಲೆಯ ಮೇಲೆ ಎಣ್ಣೆ ಹನಿ ಬಿದ್ದಂತೆ ಒಂದು ಚುಕ್ಕೆ. ಬಿಸಿಲಿಗೆ ಹಿಡಿದರೆ ಅದರ ಸುತ್ತ ಮಸುಕು ಹಳದಿ ಕಾಣುತ್ತದೆ. ಆಮೇಲೆ ಕಾಯಿಯ ಮೇಲೆ ಕಪ್ಪು ಕಲೆ, ಕಲೆಯ ನಡುವೆ ಸೀಳು. ಒಂದು ಮಳೆ, ಒಂದು ಗಾಳಿ, ಸ್ವಚ್ಛ ಮಾಡದ ಒಂದು ಕತ್ತರಿ ಸಾಕು, ವಾರದಲ್ಲಿ ತೋಟ ತುಂಬ. ಒಮ್ಮೆ ಹತ್ತಿದ ಮೇಲೆ ಬುಡಸಹಿತ ನಿವಾರಿಸುವ ಔಷಧ ಇಲ್ಲ. ಕತ್ತರಿಯನ್ನು ಗಿಡಗಿಡಕ್ಕೂ ಅದ್ದಿ ತೊಳೆಯುವುದು, ಬಿದ್ದ ಎಲೆ ಸುಡುವುದು, ಬೋರ್ಡೋ ದ್ರಾವಣ ಹೊಡೆಯುವುದು, ಗಿಡಕ್ಕೆ ವಿಶ್ರಾಂತಿ ಕೊಡುವುದು ಇಷ್ಟೇ ದಾರಿ. 2000ದ ಈಚಿನ ವರ್ಷಗಳಲ್ಲಿ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಇದರಿಂದ ಕಿತ್ತ ತೋಟಗಳಿಗೆ ಲೆಕ್ಕವಿಲ್ಲ. 2005ರಲ್ಲಿ ಸೊಲ್ಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಆರಂಭವಾಯಿತು. ಜತ್ತದ ರೈತನಿಗೆ ಅದು ಒಂದು ದಿನದಲ್ಲಿ ಹೋಗಿ ಬರುವ ದಾರಿ. ಗ್ರಾಚ್ಯುಟಿಯೆಲ್ಲ ಸುರಿದು ಮೂರು ಎಕರೆ ಭಗವಾ ನೆಟ್ಟು, ಮೊದಲ ಬಹಾರದಲ್ಲೇ ತೇಲ್ಯಾ ಕಂಡ ಮನೆಗೆ ಮರಳಿ ನಿಲ್ಲಲು ಆಧಾರ ಬೇಕು. ಎರಡು ಎಕರೆ ಜೋಳ, ಹತ್ತು ಕುರಿ ಮೊದಲೇ ಇದ್ದ ಮನೆಗೆ ಆ ಆಧಾರ ಇರುತ್ತದೆ.

ನೌಕರಿ ಬಿಟ್ಟು ಹೊಲಕ್ಕೆ ಹೋಗಿ ಹೆಸರಾದವರ ಜೀವನದಲ್ಲೂ ಇಂಥ ಆಧಾರದ ಅಗತ್ಯ ಕಾಣುತ್ತದೆ. ಜಪಾನಿನ ಮಸನೊಬು ಫುಕುವೊಕ ಯೊಕೊಹಾಮಾ ಸುಂಕದ ಕಚೇರಿಯಲ್ಲಿ ಸಸ್ಯ ತಪಾಸಣೆಯ ವಿಜ್ಞಾನಿ; 1938ರಲ್ಲಿ, 25ನೆಯ ವಯಸ್ಸಿನಲ್ಲಿ, ಕೆಲಸ ಬಿಟ್ಟು ಶಿಕೊಕು ದ್ವೀಪದ ತಂದೆಯ ಹೊಲಕ್ಕೆ ಬಂದರು. ಗಿಡಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಸಾಕೆಂದು ಚಾಟನಿ ನಿಲ್ಲಿಸಿದರು. ಕಿತ್ತಳೆ ಗಿಡಗಳು ಕೊಂಬೆ ಹೆಣೆದುಕೊಂಡು, ಹುಳ ಹತ್ತಿ ಸತ್ತವು. ಮತ್ತೆ ಕೊಚಿ ಪ್ರಾಂತದ ಕೃಷಿ ಪ್ರಯೋಗಶಾಲೆಯಲ್ಲಿ ಯುದ್ಧ ಮುಗಿಯುವವರೆಗೆ ಸಂಬಳಕ್ಕೆ ದುಡಿದು, ಆಮೇಲೆ ಹೊಲಕ್ಕೆ ಮರಳಿದರು. 1988ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಸಹಜ ಕೃಷಿಯ ಹಿಂದೆ ಸತ್ತ ಒಂದು ತೋಟ ಮತ್ತು ಹಲವು ವರ್ಷದ ಎರಡನೆಯ ನೌಕರಿ ಇವೆ. ಕರ್ನಾಟಕದ ಕ್ಯಾಪ್ಟನ್ ಗೋಪಿನಾಥ್ ಸೈನ್ಯ ಬಿಟ್ಟು ಹಾಸನ ಜಿಲ್ಲೆಯ ಜಾವಗಲ್ ಬಳಿ, ಹೇಮಾವತಿ ಅಣೆಕಟ್ಟಿಗೆ ಮುಳುಗಿದ ಹೊಲದ ಬದಲಿಗೆ ಸಿಕ್ಕ ಒಣ ಜಾಗದಲ್ಲಿ ಬೇಸಾಯ ಹೂಡಿದರು. ತೆಂಗು, ಹೈನು, ರೇಷ್ಮೆ ಎಲ್ಲ ಮಾಡಿದರು. ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ ಹಾಸನದಲ್ಲಿ ಮೋಟಾರ್ ಸೈಕಲ್ ಮಾರಿದ್ದೂ, ಹೋಟೆಲ್ ನಡೆಸಿದ್ದೂ ಉಂಟು.

ಜತ್ತಕ್ಕೆ ಹತ್ತಿರದವರು ಕೊಲ್ಹಾಪುರ ಸೀಮೆಯ ಗಣಿತದ ಪ್ರಾಧ್ಯಾಪಕ ಶ್ರೀಪಾದ ಅ. ದಾಭೋಲ್ಕರ್. ಅವರು ಕಟ್ಟಿದ ‘ಪ್ರಯೋಗ ಪರಿವಾರ’ ತಾಸಗಾಂವ ಸುತ್ತಲಿನ ದ್ರಾಕ್ಷಿ ಬೆಳೆಗಾರರನ್ನು ಒಬ್ಬರಿಂದೊಬ್ಬರು ಕಲಿಯುವಂತೆ ಕೂಡಿಸಿತು. ಐದು ಜನರ ಕುಟುಂಬಕ್ಕೆ ಹತ್ತು ಗುಂಟೆ, ಎಂದರೆ ಕಾಲು ಎಕರೆ ಸಾಕು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಎಲೆಯ ಮೇಲೆ ಬೀಳುವ ಬಿಸಿಲೇ ಅವರ ಲೆಕ್ಕದ ಬಂಡವಾಳ. ಬಿಸಿಲಿಗೆ ಜತ್ತದಲ್ಲಿ ಬರವಿಲ್ಲ. ಹತ್ತು ಗುಂಟೆಗೆ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಿಗೆ ಸಾಲುವಷ್ಟು ನೀರು ಒಂದು ಹೊಂಡದಲ್ಲಿ ಉಳಿಯುತ್ತದೆ ಎಂಬುದೂ ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ನೌಕರಿಯಿಂದ ಬಂದವರಿಗೆ ಮೂರು ಎಕರೆ ದಾಳಿಂಬೆಗಿಂತ ಈ ಹತ್ತು ಗುಂಟೆಯ ಕೈತೋಟ ದೊಡ್ಡ ಪಾಠಶಾಲೆ.

ಮಾರಾಟದಲ್ಲಿ ಗಡಿಯವರಿಗೆ ಒಂದು ತೊಡಕು, ಒಂದು ಅನುಕೂಲ. ಉತಾರೆ, ಅರ್ಜಿ, ವಿಮೆಯ ಕಾಗದ ಎಲ್ಲ ಮರಾಠಿಯಲ್ಲಿ. ಕನ್ನಡ ಶಾಲೆಯಲ್ಲಿ ಕಲಿತವರು ಮೊದಮೊದಲು ಇನ್ನೊಬ್ಬರ ಕಣ್ಣಿನಿಂದ ಓದಿಸಿಕೊಳ್ಳುತ್ತಾರೆ. ಅನುಕೂಲವೆಂದರೆ ಎರಡು ರಾಜ್ಯದ ಪೇಟೆ: ದಾಳಿಂಬೆಗೆ ಆಟಪಾಡಿ, ಸೊಲ್ಲಾಪುರ, ಜೋಳ, ತೊಗರಿಗೆ ವಿಜಯಪುರ, ಒಣದ್ರಾಕ್ಷಿಗೆ ಸಾಂಗಲಿ, ತಾಸಗಾಂವ. ಪೂರ್ವದ ಹಳ್ಳಿಗಳಿಗೆ ಜಿಲ್ಲಾ ಕೇಂದ್ರ ಸಾಂಗಲಿಗಿಂತ ವಿಜಯಪುರವೇ ಹತ್ತಿರ.

ಒಣದ್ರಾಕ್ಷಿಯನ್ನು, ಇಲ್ಲಿಯವರು ಬೇದಾಣಾ ಎನ್ನುವುದನ್ನು, ಕೊನೆಗೆ ಹೇಳಬೇಕು. ಮಳೆ ಕೊಡದ ಒಣಹವೆ ಇಲ್ಲಿ ಒಂದು ಕಸುಬಾಗಿದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಜತ್ತ, ಕವಠೆ ಮಹಾಂಕಾಳದ ಮಡ್ಡಿಗಳಲ್ಲಿ ಹಸಿರು ಪರದೆಯ ಶೆಡ್‌ಗಳು ತುಂಬುತ್ತವೆ. ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿದರೆ ಹಣ್ಣಿನ ಮೇಣದ ಪೊರೆ ತೆಳುವಾಗಿ ಒಳಗಿನ ನೀರು ಹೊರಡುತ್ತದೆ. ಹಂತ ಹಂತದ ಬಲೆಯ ಮೇಲೆ ಹರಡಿ, ನೆರಳಿನಲ್ಲಿ ಹದಿನೈದು ದಿನ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಬೇದಾಣಾ. ಸಾಂಗಲಿಯ ಬೇದಾಣಾಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹಸಿ ದ್ರಾಕ್ಷಿ ಅವತ್ತೇ ಹೋಗಬೇಕು, ವ್ಯಾಪಾರಿ ಹೇಳಿದ ಬೆಲೆಗೆ. ಬೇದಾಣಾ ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅದರ ಪಾವತಿಯನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆಯಬಹುದು. ಹಿಂದೆ ಇದೇ ಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ, ಸಾಂಗಲಿ ಬಳಿಯ ಹರಿಪುರದಲ್ಲಿ ಅರಿಷಿಣವನ್ನು ನೆಲದೊಳಗಿನ ಪೇವುಗಳಲ್ಲಿ ಇಟ್ಟು ಬೇಕಾದಾಗ ತೆಗೆಯುತ್ತಿದ್ದರು. ಜೂನಿನಲ್ಲಿ ಶಾಲೆ ಶುರುವಾದಾಗ ಎರಡು ಕುರಿ, ಮುಂಗಾರಿನ ಬೀಜ-ಗೊಬ್ಬರಕ್ಕೆ ಬೇದಾಣಾದ ಒಂದು ಪಾಲು, ನಾಗರಪಂಚಮಿಗೆ ಒಂದು ಚೀಲ ಜೋಳ, ದೀಪಾವಳಿಗೆ ಬೆಲೆ ಏರಿದಾಗ ಉಳಿದ ಬೇದಾಣಾ, ಚಳಿಗಾಲದಲ್ಲಿ ಬಣವೆಯಿಂದ ನೂರು ಸೂಡು ಕಣಿಕೆ: ನೆಲೆ ನಿಂತ ಮನೆಗಳಲ್ಲಿ ತಿಂಗಳ ರೊಕ್ಕ ಹೀಗೆ ಬರುತ್ತದೆ.